ಎರಡು ನಡುಗಡ್ಡೆಗಳ ನಡುವಿನ ಬಿಳಿ ಗೆರೆ

ಕೆರೆ ಮಾಡುವುದರಲ್ಲಿ ನನ್ನ ಕೈ ಪಳಗಿದೆ. ಪುಣೆಯ ಖರಾಡಿಯ ಕಡೆ ಹೊಸ ಅಪಾರ್ಟ್‌ಮೆಂಟ್ ಏಳುವ ಮೊದಲು ಮಾರಾಟದ ಆಫೀಸಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ಮಾಡೆಲ್ ಇಟ್ಟಿರುತ್ತಾರಲ್ಲ, ಉಗುರಿನಷ್ಟು ಕಾರುಗಳು, ಸ್ಪಂಜಿನ ಗಿಡಗಳು, ನಡುವೆ ಥಳಥಳ ಹೊಳೆಯುವ ನೀಲಿ ಕೆರೆ, ಅಂಥವನ್ನು ಮಾಡುವುದು ನನ್ನ ಕಸುಬು. ಆ ಕೆರೆ ಅಲ್ಲಿ ನಿಜವಾಗಿ ಇರುತ್ತದೋ ಇಲ್ಲವೋ ನಾನು ಕೇಳಿದವಳಲ್ಲ. ಬಿಲ್ಡರು ನಕ್ಷೆಯ ಮೇಲೆ ಬೆರಳಿಟ್ಟು ಇಲ್ಲಿ ನೀರು ಬೇಕು ಎಂದರೆ ಅಲ್ಲಿ ನೀರು ಬರುತ್ತದೆ. ಬಾತುಕೋಳಿ ಬೇಕೆಂದರೆ ಬಾತುಕೋಳಿಯೂ ಬರುತ್ತದೆ.

ಹೀಗಾಗಿ ಆ ವರ್ಷದ ಶ್ರಾವಣದಲ್ಲಿ ನಿಪ್ಪಾಣಿ ಕಡೆಯ ಒಬ್ಬ ಬಟ್ಟೆ ವ್ಯಾಪಾರಿ ಕಾತ್ರಜದ ನನ್ನ ಶೆಡ್ಡಿಗೆ ಬಂದು, ಕುರ್ಚಿಯ ಮೇಲಿನ ಮರದ ಪುಡಿಯನ್ನು ಕರವಸ್ತ್ರದಿಂದ ಕೊಡವಿ ಕೂತು, "ಈ ಸಲ ಖರೇ ಕೆರಿ ಮಾಡ್ಬೇಕ್ರಿ ಬಾಯಾರ, ನಡುಗಡ್ಡಿ ಸಹಿತ" ಎಂದಾಗ ನನಗೆ ಒಳಗೊಳಗೇ ಹಿಗ್ಗಾಯಿತು. ಇಷ್ಟು ವರ್ಷ ಸುಳ್ಳು ನೀರು ಸುರಿದವಳಿಗೆ ಒಂದಾದರೂ ನಿಜವಾದ ಜಾಗ ಮಾಡುವ ಆಸೆ ಇರುವುದಿಲ್ಲವೇ.

ಆ ವ್ಯಾಪಾರಿ, ಅಂದರೆ ನಮ್ಮ ಮಾಲೀಕರು, ಪುಣೆಯ ಪಶ್ಚಿಮಕ್ಕೆ, ಘಟ್ಟದ ಅಂಚಿನಲ್ಲಿ, ಒಂದು ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ ಪ್ರವಾಸಿ ಕೇಂದ್ರ ಕಟ್ಟಿಸುತ್ತಿದ್ದರು. ಕ್ಯಾಂಟೀನು, ಬೋಟು ಹತ್ತಲು ಒಂದು ಜೆಟ್ಟಿ, ದೊಡ್ಡ ಹಾಲು. ಹಾಲಿನ ನಡುವೆ ಊಟದ ಟೇಬಲ್ಲಿಗಿಂತ ದೊಡ್ಡದಾದ ಮಾಡೆಲ್. ಬಂದ ಜನ ಅದನ್ನು ಸುತ್ತುವರಿದು ನಿಂತು, ಕೆರೆ ಎಷ್ಟಿದೆ, ನಡುಗಡ್ಡೆಗಳು ಎಲ್ಲಿವೆ ಎಂದು ನೋಡಿ, ಎಲ್ಲಿಗೆ ಹೋಗಬೇಕೆಂದು ಆರಿಸಬೇಕು.

"ಮಾಡೆಲ್‌ನ್ಯಾಗ ಏನು ಕಾಣ್ತದೋ ಅದೇ ಟಿಕೇಟಿನ್ಯಾಗ ಇರ್ತದ್ರಿ. ಅಷ್ಟ ಸೀದಾ ಲೆಕ್ಕ" ಎಂದರು. "ದಸರಾ ದಿನ ಉದ್ಘಾಟನೆ."

ಆ ಮಾತು ಮುಂದೆ ನನ್ನ ಕುತ್ತಿಗೆಗೆ ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಕೆಲಸ ಶುರು ಮಾಡುವ ಮೊದಲು ಒಂದು ದಿನ ಅವರೇ ತಮ್ಮ ಕಾರಿನಲ್ಲಿ ಕರೆದುಕೊಂಡು ಹೋಗಿ ಜಾಗ ತೋರಿಸಿದರು. ಧೋ ಎಂದು ಮಳೆ. ಗುಡ್ಡಗಳೆಲ್ಲ ಮೋಡದಲ್ಲಿ ಮುಚ್ಚಿದ್ದವು. ಅವರ ಹೊಸ ದೊಡ್ಡ ಬೋಟಿನಲ್ಲಿ ದಡದ ಹತ್ತಿರದ ನಡುಗಡ್ಡೆಗೆ ಒಂದು ಸುತ್ತು ಹಾಕಿಸಿದರು. ಅದರ ಹಿಂದೆ ಇನ್ನೊಂದು ನಡುಗಡ್ಡೆ ಇದೆ ಎಂದು ಕೈ ಮಾಡಿದರು. ನನಗೆ ಕಂಡದ್ದು ಬೂದು ಬಣ್ಣದ ಪರದೆ ಮಾತ್ರ. ಛತ್ರಿ ಮಡಚಿಕೊಂಡು ವಾಪಸು ಬಂದೆವು. ಕ್ಯಾಮೆರಾ ತೆಗೆಯಲೂ ಆಗಲಿಲ್ಲ. ನಕ್ಷೆ ಇದೆಯಲ್ಲ, ಸಾಕು ಅಂದುಕೊಂಡೆ.

ಇಂಥ ಮಾಡೆಲ್ ಹೇಗೆ ಮಾಡುತ್ತಾರೆ ಎಂಬುದನ್ನು ಇಲ್ಲಿ ಸ್ವಲ್ಪ ಹೇಳಬೇಕು. ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳಿರುತ್ತವೆ. ಒಂದೊಂದು ಗೆರೆಗೆ ಎಂಡಿಎಫ್ ಎಂಬ ಒತ್ತುಹಲಗೆಯ ಒಂದೊಂದು ಹಾಳೆಯನ್ನು ಆ ಗೆರೆಯ ಆಕಾರಕ್ಕೇ ಕತ್ತರಿಸಿ, ಬುಟ್ಟಿಯಲ್ಲಿ ರೊಟ್ಟಿ ಪೇರಿಸಿದ ಹಾಗೆ ಒಂದರ ಮೇಲೊಂದು ಅಂಟಿಸುತ್ತ ಹೋದರೆ ಗುಡ್ಡ ಏಳುತ್ತದೆ. ಮೆಟ್ಟಿಲುಗಳನ್ನು ಪುಟ್ಟಿ ಹಚ್ಚಿ ನುಣುಪು ಮಾಡಿ, ಬಣ್ಣ ಬಳಿದು, ಕೊನೆಗೆ ತಗ್ಗಿನಲ್ಲಿ ರೆಸಿನ್ ಸುರಿಯಬೇಕು. ರೆಸಿನ್ ಎಂದರೆ ಜೇನಿನಷ್ಟು ಮಂದವಾದ ದ್ರವ. ಗಟ್ಟಿಯಾಗಿಸುವ ಇನ್ನೊಂದು ದ್ರವ ಬೆರೆಸಿದರೆ ಗಾಜಿನ ಹಾಗೆ ಕೂರುತ್ತದೆ. ಅದೇ ನಮ್ಮ ನೀರು.

ಹಾಳೆ ಪೇರಿಸುವಾಗಲೇ ಒಂದು ತಕರಾರು ಬಂತು. ತುಂಬಿದ ಕೆರೆಯ ನೀರಿನ ಮಟ್ಟ ಎರಡು ಹಾಳೆಗಳ ನಡುವೆ ಬೀಳುತ್ತಿತ್ತು. ಸರಿಯಾಗಿ ಮಾಡಬೇಕೆಂದರೆ ಅಲ್ಲಿ ಅರ್ಧ ದಪ್ಪದ ಇನ್ನೊಂದು ಹಾಳೆ ಕತ್ತರಿಸಿ ಸೇರಿಸಬೇಕು. ಬಿಲ್ಡರುಗಳ ಕೆಲಸದಲ್ಲಿ ಯಾರೂ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಹತ್ತಿರದ ಹಾಳೆಗೆ ನೀರು ನಿಲ್ಲಿಸಿ ಮುಂದೆ ಹೋಗುತ್ತೇವೆ. ನಾನೂ ಅಭ್ಯಾಸಬಲದಿಂದ ಕೆಳಗಿನ ಹಾಳೆಗೆ ನೀರು ಇಳಿಸಿದೆ. ನಡುಗಡ್ಡೆಗಳು ತುಸು ಅಗಲವಾಗಿ ಚೆನ್ನಾಗಿಯೇ ಕಂಡವು. ಹಿಂದುಮುಂದಿನ ಎರಡು ನಡುಗಡ್ಡೆಗಳು ಒಂದು ಸಣ್ಣ ದಿಬ್ಬದಿಂದ ಕೂಡಿಕೊಂಡವು. ಅದನ್ನು ನೋಡಿದೆ. ನೋಡಿಯೂ ಏನೂ ಅನ್ನಿಸಲಿಲ್ಲ.

ನನ್ನ ಜೊತೆ ಕೆಲಸ ಮಾಡುವ ಬಡಿಗರು ಗೋಕಾಕದವರು. ಕತ್ತರಿಸುವ ಮಶೀನು ಅವರದೇ ಕೈಯಲ್ಲಿ. ಕೆಲಸ ಎಷ್ಟು ಚೊಕ್ಕವೋ ಬಾಯಿ ಅಷ್ಟೇ ಅಪಶಕುನ. ಮೊದಲ ಸಲ ರೆಸಿನ್ ಕಲಸುತ್ತಿರುವಾಗಲೇ ಬಾಗಿಲ ಹೊರಗಿನ ಮಳೆ ನೋಡಿ "ಈ ಥಂಡ್ಯಾಗ ಬ್ಯಾಡ್ರೀ ಅಕ್ಕಾರ, ಬುಳ್ಳಿ ಏಳ್ತಾವ" ಎಂದರು.

"ನೀವು ಸುಮ್ಮನಿರ್ರಿ" ಎಂದೆ.

ಎದ್ದವು. ಮರದ ರಂಧ್ರ ಮುಚ್ಚಲು ಹಲಗೆಗೆ ಹಚ್ಚಿದ ಸೀಲರ್ ಎಂಬ ಲೇಪ ಮೇಲಷ್ಟೇ ಒಣಗಿತ್ತು, ಒಳಗೆ ಒಣಗಿರಲಿಲ್ಲ. ಮರದೊಳಗಿನ ಗಾಳಿಯೆಲ್ಲ ರೆಸಿನ್ನಿನ ಮೂಲಕ ಮೇಲೆ ಬಂದು, ಅರ್ಧ ದಾರಿಯಲ್ಲಿ ಸಿಕ್ಕಿಕೊಂಡು, ಕೆರೆಯ ತುಂಬ ಸಾಸಿವೆ ಕಾಳಿನಷ್ಟು ಗುಳ್ಳೆಗಳು. ಗ್ಯಾಸಿನ ಸಣ್ಣ ಜ್ವಾಲೆ ಆಡಿಸಿದರೆ ಮೇಲಿನವು ಒಡೆಯುತ್ತವೆ. ಆಳದಲ್ಲಿ ಕೂತವನ್ನು ಏನು ಮಾಡುವುದು. ನೋಡಿದರೆ ಕೆರೆಯಲ್ಲ, ಸೋಡಾ. ಅಷ್ಟನ್ನೂ ಬಿಸಿಗಾಳಿ ಹೊಡೆದು ಮೆತ್ತಗೆ ಮಾಡಿ ಉಳಿಯಿಂದ ಕೆತ್ತಿ ತೆಗೆಯಬೇಕಾಯಿತು. ಕೆತ್ತುವಾಗ ದಡದ ಬಣ್ಣ ಹೋಯಿತು. ದಡ ಮತ್ತೆ ಬಳಿದೆವು. ಬೆರಳ ತುದಿಗಳೆಲ್ಲ ಸುಟ್ಟುಕೊಂಡು ಸಾರನ್ನದ ತಟ್ಟೆಗೆ ಕೈ ಹಾಕಲಾರದೆ ಚಮಚದಲ್ಲಿ ಉಂಡೆ.

ಎರಡನೆಯ ಸಲದ ತಪ್ಪು ಅವಸರದ್ದು. ತೆಳ್ಳಗೆ ಪದರ ಪದರವಾಗಿ ಸುರಿಯಬೇಕಾದದ್ದನ್ನು ದಿನ ಉಳಿಸಲು ಒಂದೇ ಸಲ ಸುರಿದೆ. ರೆಸಿನ್ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ. ದಪ್ಪ ಹೆಚ್ಚಿದಷ್ಟೂ ಬಿಸಿ ಹೆಚ್ಚು. ಕೆರೆಯ ಆಳದ ಭಾಗ ಹೊಗೆಯಾಡಿತು. ಚಟ್ ಎಂಬ ಸದ್ದು ಬಂತು. ಅಡ್ಡಡ್ಡ ಸೀಳು, ಮೇಲೆ ಅರಿಸಿನದ ಬಣ್ಣ. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತೆ. ಬಡಿಗರು ಆಗಲೇ ಉಳಿ ಹುಡುಕಿ ತಂದರು, ಅದೇ ಹೆಚ್ಚು ಸಿಟ್ಟು ತರಿಸಿತು.

ಈ ನಡುವೆ ಬಣ್ಣದ ಜಗಳ ಬೇರೆ. ಬಟ್ಟಲಿನಷ್ಟು ಅಗಲದ ಬಿಲ್ಲೆಗಳಲ್ಲಿ ಬೇರೆ ಬೇರೆ ಬಣ್ಣದ ನೀರು ಮಾಡಿ ಮಾಲೀಕರಿಗೆ ತೋರಿಸಿದೆ. ನಾನು ನೋಡಿದ ನೀರು ನೀಲಿಯಲ್ಲ, ಪಾಚಿ ಹಸಿರಿಗೆ ತುಸು ಕಪ್ಪು ಬೆರೆತದ್ದು.

"ಯಾರ್ರೀ ಹಸರ ನೀರು ನೋಡಾಕ ರೊಕ್ಕಾ ಕೊಟ್ಟು ಬರ್ತಾರ?" ಎಂದು ಅವರು ಫೋನು ತೆಗೆದು ಯಾವುದೋ ದೇಶದ ಫೋಟೋ ತೋರಿಸಿದರು. "ಹಿಂಗ ಇರ್ಲಿ."

"ಮಾಲಕ್ರ, ಅದು ಸಮುದ್ರ."

"ನೀರ ಅಲ್ಲೇನ್ರಿ?"

ಕಡೆಗೆ ಹಸಿರಿನ ಮೇಲೆ ನೀಲಿಯ ಒಂದು ಛಾಯೆ ಎಂದು ರಾಜಿಯಾಯಿತು. ಅವರಿಗೂ ತೃಪ್ತಿಯಿಲ್ಲ, ನನಗೂ ಇಲ್ಲ.

ಮೂರನೆಯ ಸಲಕ್ಕೆ ಶೆಡ್ಡಿನ ಒಂದು ಮೂಲೆಗೆ ಪ್ಲಾಸ್ಟಿಕ್ಕಿನ ಡೇರೆ ಕಟ್ಟಿದೆವು. ಒಳಗೆ ಬಿಸಿಗೆಂದು ಹಳೆಯ ಕಾಲದ ದೊಡ್ಡ ಬಲ್ಬುಗಳನ್ನು ಇಳಿಬಿಟ್ಟೆವು. ನಮ್ಮ ಶೆಡ್ಡು ಹೆದ್ದಾರಿಯ ಬದಿಗೆ. ಸಾತಾರೆಯ ಕಡೆ ಹೋಗುವ ಲಾರಿಗಳು, ನಮ್ಮೂರುಗಳಿಗೆ ಹೋಗುವ ಬಸ್ಸುಗಳು ಎಬ್ಬಿಸುವ ಧೂಳು ಒಂದು ಕಣ ಬಿದ್ದರೂ ನೀರಿನಲ್ಲಿ ಕಲ್ಲು ತೇಲಿದ ಹಾಗೆ ಕಾಣುತ್ತದೆ. ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಕೂರುತ್ತದೆ, ಆದರೆ ಥಂಡಿ ಏರುತ್ತದೆ. ಥಂಡಿ ಏರಿದರೆ ರೆಸಿನ್ನಿನ ಮೇಲೆ ಬೆಣ್ಣೆ ಸವರಿದಂಥ ಬಿಳಿ ಜಿಡ್ಡು ಕೂರುತ್ತದೆ. ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತಿತ್ತು. ತೂಕ ಮಾಡಿ, ನಿಧಾನವಾಗಿ ಕಲಸಿ, ಕಾಲಿನ ಉಗುರಿನಷ್ಟು ದಪ್ಪದ ಪದರ ಸುರಿದು, ಒಂದು ದಿನ ಕಾದು, ಜಿಡ್ಡು ಒರೆಸಿ, ಉಜ್ಜಿ, ಮತ್ತೆ ಸುರಿದು. ಗಣಪತಿ ಬಂದು ಹೋದ. ಕೊನೆಯ ಪದರ ಕೂತ ಬೆಳಿಗ್ಗೆ ಡೇರೆ ಸರಿಸಿ ನೋಡಿದರೆ ಗುಡ್ಡದ ನೆರಳು ನೀರಿನಲ್ಲಿ ಕಾಣುತ್ತಿತ್ತು. ಬಡಿಗರು ಕೂಡ "ಛಲೋ ಆಗೈತಿ" ಎಂದರು. ಅವರ ಬಾಯಿಂದ ಅಷ್ಟು ಬರುವುದು ಅಪರೂಪ.

ಮಾಡೆಲ್ ಇಡುವ ಜಾಗದ, ಹಾಲಿನ ಬಾಗಿಲಿನ ಅಳತೆ ತೆಗೆದುಕೊಳ್ಳಲು ನಾನು ಒಬ್ಬಳೇ ಮತ್ತೆ ಅಲ್ಲಿಗೆ ಹೋದೆ. ಮಳೆ ನಿಂತು ಬಿಸಿಲು ಬಿದ್ದಿತ್ತು. ಮಾಲೀಕರು ಅಂಗಡಿ ಬಿಟ್ಟು ಬಂದಿರಲಿಲ್ಲ. ಅಳತೆ ಮುಗಿಸಿ ಜೆಟ್ಟಿಯ ಮೇಲೆ ಬಂದಾಗ ಒಬ್ಬ ಹೆಂಗಸು, ಸೀರೆಯ ಕಚ್ಚೆ ಬಿಗಿದು, ಕಿರಿದಾದ ಹಳೆಯ ಬೋಟಿನಿಂದ ನೀರು ಗೋರಿ ಹೊರಗೆ ಚೆಲ್ಲುತ್ತಿದ್ದಳು. ಅವಳ ಮಾತೆಲ್ಲ ಮರಾಠಿ. ನನ್ನ ತಲೆಯಲ್ಲಿ ಅದು ನಮ್ಮ ಧಾರವಾಡದ ಮಾತಾಗಿಯೇ ಉಳಿದಿದೆ, ಹಾಗೇ ಬರೆಯುತ್ತೇನೆ.

"ನೀವೇನು ಕೆರಿ ಮಾಡಾಕಿ?" ಎಂದಳು.

"ಹೌದು."

"ಕೆರಿ ನೋಡೀರೇನು?"

"ಮಳಿಯಾಗ ಒಮ್ಮೆ ಬಂದಿದ್ದೆ."

"ಮಳಿ ನೋಡೀರಿ, ಹಂಗಾರ" ಎಂದು ನಕ್ಕಳು. "ಹತ್ರಿ ತಾಈ. ನೋಡದ ಹೆಂಗ ಮಾಡ್ತೀರಿ, ದರ್ಜಿ ಅಳತಿ ಇಲ್ಲದ ಅಂಗಿ ಹೊಲದಂಗ?"

ತಾಈ ಎಂದರೆ ಅವರಲ್ಲಿ ಅಕ್ಕ. ನನಗಿಂತ ಆಕೆಯೇ ದೊಡ್ಡವಳಿರಬೇಕು. ನಾನೂ ತಾಈ ಎಂದೆ. ಹೀಗೆ ಇಬ್ಬರೂ ಒಬ್ಬರನ್ನೊಬ್ಬರು ಅಕ್ಕ ಎನ್ನುತ್ತ ಹೊರಟೆವು.

ದಾರಿಯುದ್ದಕ್ಕೂ ಬಾಯಿ ಬಿಡದೆ ಕೂರುವ ಹೆಂಗಸಲ್ಲ ಅವಳು. ಗಂಡ ತೀರಿದ ಮೇಲೆ ಬೋಟು ನಡೆಸಲು ಕಲಿತದ್ದು, ಭಾವಂದಿರು ಬೈದದ್ದು, ಪರವಾನಗಿಗೆ ಅಲೆದದ್ದು ಎಲ್ಲ ಹೇಳಿದಳು. ತನ್ನ ಬೋಟು ಆ ದೊಡ್ಡ ಬೋಟಿಗಿಂತ ಜೋರು ಎಂದೂ ಹೇಳಿದಳು, ಅದು ಶುದ್ಧ ಸುಳ್ಳು. ನಮ್ಮ ಪಕ್ಕದಲ್ಲಿ ಒಂದು ಎಮ್ಮೆ ಈಜುತ್ತ ನಮಗಿಂತ ಮುಂದೆ ಹೋಯಿತು.

ಹತ್ತಿರದ ನಡುಗಡ್ಡೆಯ ತುದಿ ದಾಟಿ ಬೋಟು ಎಡಕ್ಕೆ ತಿರುಗಿತು. ಅವಳು ಮೋಟಾರು ಬಂದ್ ಮಾಡಿ ಮೇಲಕ್ಕೆ ಎತ್ತಿ, ಬಿದಿರಿನ ಗಳ ಕೈಗೆ ತೆಗೆದುಕೊಂಡಳು. ಎದುರಿಗೆ ಎರಡು ಕಪ್ಪು ಬಂಡೆಗಳ ನಡುವೆ ಒಂದು ಸಂದಿ. ಅದರೊಳಗೆ ಹೋದೆವು.

ಗಾಳಿ ನಿಂತಿತು. ನೀರು ಅಲ್ಲಿ ನಿಜಕ್ಕೂ ಬಣ್ಣವಿಲ್ಲದ್ದು, ಕೆಳಗಿನ ಕಲ್ಲುಗಳು ಒಂದೊಂದೂ ಕಾಣುತ್ತಿದ್ದವು. ಎರಡೂ ಬದಿಯ ಬಂಡೆಗಳಿಂದ ಜರಿಗಿಡಗಳು ಇಳಿಬಿದ್ದು ನಮ್ಮ ತಲೆ ಸವರುತ್ತಿದ್ದವು. ಬಗ್ಗಿ ಕೂತೆ. ನೇರಳೆ ಮರಗಳ ಟೊಂಗೆಗಳು ಮೇಲೆ ಕೂಡಿಕೊಂಡಿದ್ದವು. ಬಿಸಿಲು ಅವುಗಳ ಸಂದಿಯಿಂದ ಬಿದ್ದು ನೀರಿನ ತಳದಲ್ಲಿ ಅಲುಗಾಡುತ್ತಿತ್ತು. ಸಂದಿ ಮುಗಿದದ್ದೇ ಬಟ್ಟಲಿನಂಥ ಒಂದು ಕೊಳ್ಳ. ಅದರ ದಡದಿಂದ ಹಿಂದಿನ ನಡುಗಡ್ಡೆ ಏರುತ್ತಿತ್ತು. ಅದರ ಮೈ ತುಂಬ ಹಳದಿ ಸೋನ್ಕಿ ಹೂವು, ಅಷ್ಟೂ ನೀರಿನಲ್ಲಿ ಮತ್ತೊಮ್ಮೆ ತಲೆಕೆಳಗಾಗಿ ಅರಳಿತ್ತು. ನೀರಿನಲ್ಲಿ ನಿಂತ ಒಣಮರಗಳ ಮೇಲೆ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸುತ್ತಿದ್ದವು. ಹಿಂದೆ ಸಹ್ಯಾದ್ರಿಯ ಗೋಡೆ. ನಾನು ಪುಣೆಗೆ ಬಂದು ಇಷ್ಟು ವರ್ಷವಾದರೂ ಇಂಥದ್ದು ಇಷ್ಟು ಹತ್ತಿರ ಇದೆ ಎಂದು ಗೊತ್ತಿರಲಿಲ್ಲ.

"ಹೊರಗಿನ ಕಡೆಯಿಂದ ಇಳೀಲಿಕ್ಕೆ ಆಗೂದಿಲ್ಲ, ಎಲ್ಲಾ ಕಡಿದಾದ ಬಂಡಿ" ಎಂದಳು ಅವಳು. "ಇಳಿಯೂ ಜಾಗಾ ಇದೊಂದ. ಮಾಲಕರ ದೊಡ್ಡ ಬೋಟು ಈ ಸಂದ್ಯಾಗ ಹಿಡಿಸೂದಿಲ್ಲ. ಅದಕ್ಕ ಅವರು ಹೇಳ್ಯಾರ, ಮಾಡೆಲ್‌ನ್ಯಾಗ ಈ ದಾರಿ ಬಂದ್ರ ನಿನ್ನ ಬೋಟು ಇರಲಿ, ಇಲ್ಲಾಂದ್ರ ಬ್ಯಾಡ ಅಂತ."

ಗಳವನ್ನು ತಳಕ್ಕೆ ಊರಿ ಬೋಟು ನಿಲ್ಲಿಸಿ ನನ್ನ ಕಡೆ ತಿರುಗಿದಳು.

"ಹಾಕೀರಲ್ಲ, ತಾಈ? ನನ್ನ ಸಂದಿ?"

ನನ್ನ ಶೆಡ್ಡಿನಲ್ಲಿ, ಡೇರೆಯ ಕೆಳಗೆ, ನಾನು ಆ ಸಂದಿಯನ್ನು ಒಂದು ಹಾಳೆಯಿಂದ ಮುಚ್ಚಿ, ಪುಟ್ಟಿ ಹಚ್ಚಿ, ಮೇಲೆ ಸ್ಪಂಜಿನ ಗಿಡ ನೆಟ್ಟು ಬಂದಿದ್ದೆ. ಅರ್ಧ ಹಾಳೆಯ ಸೋಮಾರಿತನ. ಮೂರು ಸಲ ಸುರಿದು ಅದರ ಸುತ್ತ ಕಲ್ಲಿನಂತೆ ಗಟ್ಟಿ ಮಾಡಿದ್ದೆ.

"ಇನ್ನೂ ಕೆಲಸಾ ನಡದದ" ಎಂದೆ.

ಮರುದಿನ ಶೆಡ್ಡಿನಲ್ಲಿ ಬಡಿಗರಿಗೆ ಹೇಳಿದಾಗ ಅವರು ಕೈಯಲ್ಲಿದ್ದ ಮರಳುಕಾಗದ ಕೆಳಗಿಟ್ಟರು. "ಅಕ್ಕಾರ, ಈಗ ಅದನ್ನ ಒಡದ್ರ ಗಾಯ ಉಳೀತೈತಿ. ಎಷ್ಟ ತಿಕ್ಕಿದ್ರೂ ಹೋಗಂಗಿಲ್ಲ. ಯಾರಿಗೆ ಗೊತ್ತಾಗತೈತಿ ಬಿಡ್ರಿ."

"ಆಕಿಗೆ ಗೊತ್ತಾಗ್ತದ."

"ಆಕಿ ಒಬ್ಬಾಕಿ."

ಆ ಹೊತ್ತಿಗೆ ಸರಿಯಾಗಿ ಮಾಲೀಕರು ಪೇಢೆಯ ಪೆಟ್ಟಿಗೆ ಹಿಡಿದು ಬಂದರು. ಮಾಡೆಲ್‌ಗೆ ಒಂದು ಸುತ್ತು ಬಂದರು, ಇನ್ನೊಂದು ಸುತ್ತು ಬಂದರು. ಕಣ್ಣಲ್ಲಿ ನೀರೇ ಬಂತು ಅವರಿಗೆ, ಸುಳ್ಳು ಹೇಳಬಾರದು. "ಏನ ಚಂದ ಮಾಡೀರಿ ಬಾಯಾರ" ಎಂದರು. ನಾನು ಆ ದಿಬ್ಬ ತೋರಿಸಿ, ಇಲ್ಲಿ ನೀರಿನ ದಾರಿ ಇರಬೇಕಿತ್ತು, ನನ್ನಿಂದ ತಪ್ಪಾಗಿದೆ, ಕತ್ತರಿಸಿ ಬಿಡಿಸುತ್ತೇನೆ ಎಂದೆ.

ಅವರ ಮುಖದ ಮೇಲಿನ ಸಂತೋಷ ಹಾಗೇ ನಿಂತಿತು.

"ಯಾಕ್ರಿ? ಎರಡೂ ಕೂಡಿ ಒಂದು ದೊಡ್ಡ ನಡುಗಡ್ಡಿ ಆತು. ನೋಡಾಕ ಭರ್ತಿ ಅನಸ್ತದ. ಮತ್ತ ಆಕಿ ಹಳೇ ಬೋಟಿನ ರಗಳೀನೂ ಹೋತು. ಬ್ಯಾಸಗ್ಯಾಗ ನೀರು ಇಳದು ಅದು ಬಂದ್ ಇರ್ತದಲ್ಲ, ಸುಳ್ಳೇನಲ್ಲ."

"ಬ್ಯಾಸಗ್ಯಾಗ ನಿಮ್ಮ ಜೆಟ್ಟಿನೂ ಕೆಸರಾಗ ನಿಂತಿರ್ತದ, ಮಾಲಕ್ರ. ಅದನ್ನೂ ಹಂಗ ತೋರಸ್ಲೇನು?"

"ಗೆರಿ ಬಿದ್ದ ಮಾಲು ನಾ ಒಪ್ಪಂಗಿಲ್ಲ ನೋಡ್ರಿ" ಎಂದರು. ಬಟ್ಟೆ ವ್ಯಾಪಾರಿ, ನೇಯ್ಗೆಯಲ್ಲಿ ಒಂದು ಎಳೆ ಜಾರಿದರೂ ಥಾನು ವಾಪಸು ಕಳಿಸುವ ಮನುಷ್ಯ. ಅವರ ಮಾತು ಅವರ ಮಟ್ಟಿಗೆ ಸರಿಯೇ. ಪೇಢೆಯ ಪೆಟ್ಟಿಗೆ ಮಶೀನಿನ ಮೇಲಿಟ್ಟು ಹೊರಟುಹೋದರು.

ಆ ಸಂಜೆ ನನಗೆ ಯಾರ ಮೇಲೆ ಸಿಟ್ಟು ಎಂದು ತಿಳಿಯದ ಸಿಟ್ಟು. ಮಾಲೀಕರ ಮೇಲೆ, ಮಳೆಯ ಮೇಲೆ, ನನ್ನ ಮೇಲಂತೂ ಸರಿಯೇ. ಅವಳು ಕೇಳದೆ ಇದ್ದಿದ್ದರೆ ಎಷ್ಟು ಸುಖವಾಗಿರುತ್ತಿತ್ತು ಎಂದು ಆ ಹೆಂಗಸಿನ ಮೇಲೆಯೂ. ಸುಮ್ಮನೆ ಟೆಂಪೋ ಕರೆಸಿ ಕಳಿಸಿಬಿಡಬಹುದಿತ್ತು. ಇಷ್ಟು ವರ್ಷ ಇಲ್ಲದ ಕೆರೆಗಳನ್ನು ಮಾಡಿ ಕಳಿಸಿದಾಗ ನಿದ್ದೆಗೆಟ್ಟಿರಲಿಲ್ಲ. ಆದರೆ ಇಲ್ಲದ್ದನ್ನು ಇದೆ ಎಂದು ತೋರಿಸುವುದು ಬೇರೆ, ಒಬ್ಬಳು ದಿನವೂ ಹೋಗಿ ಬರುವ ದಾರಿಯನ್ನು ಇಲ್ಲ ಎಂದು ಬರೆದು ಕೊಡುವುದು ಬೇರೆ. ಅದು ನನ್ನ ಕೈಯಿಂದ ಆಗುವ ಕೆಲಸವಲ್ಲ ಎನ್ನಿಸಿತು. ಒಂದು ಪೇಢೆ ತಿಂದು, ಬಡಿಗರಿಗೆ ಫೋನು ಮಾಡಿ, "ನಾಳೆ ಮುಂಜಾನೆ ಲಗೂನ ಬರ್ರಿ, ಒಡಿಯೂದದ" ಎಂದೆ.

"ಗೊತ್ತಿತ್ತ್ರಿ" ಎಂದರು ಅವರು.

ಹಲ್ಲಿನ ಡಾಕ್ಟರ ಹತ್ತಿರ ಇರುವಂಥ ಚಿಕ್ಕ ತಿರುಗುವ ಮಶೀನಿಗೆ ಬಿಟ್ ಎಂಬ ತೆಳ್ಳನೆಯ ಕೊರೆಮೊನೆ ಹಾಕಿ ಮೊದಲು ಗಿಡಗಳನ್ನು ಕಿತ್ತೆವು. ಆಮೇಲೆ ದಿಬ್ಬ. ಎಂಡಿಎಫ್ ಸುಲಭವಾಗಿ ಬಂತು. ಎರಡು ಕಡೆಯ ರೆಸಿನ್ನಿಗೆ ಬಿಟ್ ತಾಗಿದ ಕೂಡಲೇ ಕರಗಿ ಅಂಟಂಟಾಗಿ ಸುತ್ತಿಕೊಂಡಿತು. ವೇಗ ಇಳಿಸಿ, ನೀರು ಹನಿಸುತ್ತ, ತುಸು ತುಸುವೇ ಕೊರೆದೆವು. ಬಡಿಗರು ಕೊರೆಯುವುದು, ನಾನು ಟಾರ್ಚು ಹಿಡಿದು ಆ ದಿನ ಬೋಟಿನಲ್ಲಿ ಕೂತು ಫೋನಿನಲ್ಲಿ ತೆಗೆದುಕೊಂಡು ಬಂದಿದ್ದ ಫೋಟೋ ನೋಡಿ ಬಂಡೆಯ ಆಕಾರ ಹೇಳುವುದು. ತಳಕ್ಕೆ ಸೀಲರ್ ಬಳಿದು, ಈ ಸಲ ಒಳಗೂ ಒಣಗುವವರೆಗೆ ಕಾದು, ಹೊಸ ರೆಸಿನ್ ತುಂಬಿದೆವು.

ಕೂತಿತು. ಗುಳ್ಳೆಯಿಲ್ಲ, ಸೀಳಿಲ್ಲ. ಆದರೆ ಹಳೆಯ ರೆಸಿನ್ನೂ ಹೊಸದೂ ಕೂಡುವ ಕಡೆ, ಸಂದಿಯ ಉದ್ದಕ್ಕೂ, ನೂಲಿನಂಥ ಬಿಳಿ ಗೆರೆ. ಒರಟು ಕಾಗದದಿಂದ ಶುರು ಮಾಡಿ ನಯವಾದದ್ದರವರೆಗೆ ನೀರು ಹಾಕಿ ಹಾಕಿ ತಿಕ್ಕಿದೆ. ಕಾರಿಗೆ ಹಚ್ಚುವ ಪಾಲಿಶು ಹಚ್ಚಿದೆ. ಒಂದು ಸಲ ಪೂರ್ತಿ ತೆಗೆದು ಮತ್ತೆ ಸುರಿದೆ. ಗೆರೆ ಮತ್ತೆ ಬಂತು. ಕಿಟಕಿಯ ಬೆಳಕು ಓರೆಯಾಗಿ ಬಿದ್ದರೆ ಬೇರೆಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಅದೇ. ಭುಜ ಎತ್ತಲಾಗದಷ್ಟು ನೋವು. ಉಳಿದ ಕೆರೆಯೆಲ್ಲ ಕನ್ನಡಿ, ನಡುವೆ ಹೊಲಿದ ಗಾಯದ ಹಾಗೆ ಇದು. ಇಂಥ ಕೆಲಸ ನನ್ನ ಶೆಡ್ಡಿನಿಂದ ಯಾವತ್ತೂ ಹೊರಗೆ ಹೋಗಿರಲಿಲ್ಲ.

"ಇನ್ನ ತಿಕ್ಕಿದ್ರ ತೂತ ಬೀಳತೈತಿ" ಎಂದು ಬಡಿಗರು ನನ್ನ ಕೈಯಿಂದ ಕಾಗದ ಕಸಿದುಕೊಂಡರು.

ಟೆಂಪೋದಲ್ಲಿ ನಾವಿಬ್ಬರೂ ಹಿಂದೆ ಕೂತು, ಘಟ್ಟದ ತಿರುವುಗಳಲ್ಲಿ ಮಾಡೆಲ್‌ನ ಎರಡು ತುದಿ ಹಿಡಿದುಕೊಂಡು ಹೋದೆವು. ದಸರೆಯ ಹಿಂದಿನ ದಿನ. ಮಾಲೀಕರು ಬಂದರು, ನೋಡಿದರು, ನನ್ನ ಮುಖ ನೋಡಲಿಲ್ಲ. ಬೇರೆ ಮಾಡಿಸಲು ಅವರಿಗೆ ಸಮಯವಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. "ಇರ್ಲಿ. ದೀಪಾವಳಿ ಆದ ಮ್ಯಾಲ ಇದನ್ನ ತಗೊಂಡ ಹೋಗಿ ಬ್ಯಾರೆ ಮಾಡಿ ಕೊಡ್ರಿ" ಎಂದಷ್ಟೇ ಹೇಳಿದರು. ಬೇರೆ ಎಂದರೆ ಸಂದಿಯಿಲ್ಲದ್ದು ಎಂದು ಕೇಳಿ ತಿಳಿಯಬೇಕಾಗಿರಲಿಲ್ಲ. ಬೋಟು ನಡೆಸುವವಳು ಬಾಗಿಲ ಹತ್ತಿರ ನಿಂತಿದ್ದಳು. ಅವಳಿಗೆ ಮರಾಠಿಯಲ್ಲಿ "ದೀಪಾವಳಿ ತನಕಾ ನಿನ್ನ ಬೋಟು ನಡೀಲಿ, ಮುಂದ ನೋಡೂಣು" ಎಂದರು.

ಮರುದಿನ ಮುಂಜಾನೆ ಹಾಲಿಗೆ ಹೋಗಿ ಮಾಡೆಲ್ ನೋಡಿದೆ. ಮಾಲೀಕರು ಉದ್ದನೆಯ ಚೆಂಡುಹೂವಿನ ಮಾಲೆಯೊಂದನ್ನು ಪೂಜೆಯ ನೆವದಲ್ಲಿ ಸರಿಯಾಗಿ ಆ ಗೆರೆಯ ಮೇಲೆ ಮಲಗಿಸಿದ್ದರು. ಎರಡು ನಡುಗಡ್ಡೆಗಳ ನಡುವೆ ಹೂವಿನ ಒಂದು ದಪ್ಪ ಗೋಡೆ. ಗೆರೆಯೂ ಇಲ್ಲ, ಸಂದಿಯೂ ಇಲ್ಲ. ಜನ ಬರತೊಡಗಿದರು. ಮಾಡೆಲ್ ಸುತ್ತ ನಿಂತು, ಹತ್ತಿರದ ನಡುಗಡ್ಡೆಗೆ ಬೆರಳು ಮಾಡಿ, ದೊಡ್ಡ ಬೋಟಿನ ಸಾಲಿನಲ್ಲಿ ನಿಂತರು. ನಾನು ಒಂದು ಮೂಲೆಯಲ್ಲಿ ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಹಬ್ಬದ ದಿನ, ದೇವರ ಮಾಲೆ, ಬೇರೆಯವರ ಜಾಗ. ಹೇಗೆ ತೆಗೆಯುವುದು.

ಬೋಟಿನವಳು ಒಳಗೆ ಬಂದಳು. ಹೊಸ ಸೀರೆ, ಕೈಯಲ್ಲಿ ಹಬ್ಬಕ್ಕೆ ಬಂಗಾರವೆಂದು ಹಂಚುವ ಎಲೆಗಳು. ನನಗೊಂದು ಎಲೆ ಕೊಟ್ಟು ನಮಸ್ಕಾರ ಮಾಡಿ, ಮಾಲೀಕರಿಗೂ ಒಂದು ಕೊಟ್ಟು, ಮಾಡೆಲ್ ಹತ್ತಿರ ಹೋಗಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಯಾರನ್ನೂ ಕೇಳದೆ ಆ ಮಾಲೆಯನ್ನು ಎರಡೂ ಕೈಯಿಂದ ಎತ್ತಿಕೊಂಡಳು.

"ಅದ್ಯಾಕ ತಗೀತಿ?" ಎಂದರು ಮಾಲೀಕರು.

"ದಾರ್ಯಾಗ ಬಿದ್ದದ" ಎಂದಳು. "ನನ್ನ ಬೋಟಿಗೆ ಮಾಲಿ ಇದ್ದಿದ್ದಿಲ್ಲ, ಛಲೋ ಆತು."

ಸುತ್ತ ಜನ ನಕ್ಕರು. ಮಾಲೀಕರೂ ಹಬ್ಬದ ದಿನ ಬೇರೆ ಏನು ಮಾಡುತ್ತಾರೆ, ಅರ್ಧ ನಕ್ಕರು. ದೇಹೂ ರೋಡ್‌ನಿಂದ ಬಂದಿದ್ದ ಒಂದು ಕುಟುಂಬದ ಹಿರಿಯ ಹೆಂಗಸು ಬಗ್ಗಿ ಬಿಳಿ ಗೆರೆಯ ಮೇಲೆ ಬೆರಳಿಟ್ಟರು. ಹೊಳಪಿನ ನೀರು, ಸ್ಪಂಜಿನ ಗಿಡ, ನಾನು ದಿನಗಟ್ಟಲೆ ಬಳಿದ ಗುಡ್ಡ, ಎಲ್ಲ ಬಿಟ್ಟು ಅವರ ಬೆರಳು ಹೋದದ್ದು ಅಲ್ಲಿಗೇ. "ಇದೇನಿದು, ಬಿಳಿ?" ಎಂದರು.

ಹೇಳಲು ನಾನು ಬಾಯಿ ತೆರೆದೆ. ರೆಸಿನ್ನು, ಹಳೆಯದು ಹೊಸದು ಕೂಡುವ ಕಡೆ, ಹೊಳಪು ಬರಲಿಲ್ಲ, ಎಂದೆಲ್ಲ.

"ಅದು ದಾರಿ" ಎಂದಳು ಅವಳು. "ಅದರಾಗಿಂದ ಹೋದ್ರ ಆ ಕಡೆ ಏನದ ಅಂತ ಇಲ್ಲಿ ನಿಂತು ಹೇಳಿದ್ರ ತಿಳಿಯೂದಿಲ್ಲ. ಬರ್ರಿ."

ಆ ಕುಟುಂಬ ಹೊರಟಿತು. ಅವರ ಹಿಂದೆ ಇನ್ನೊಂದು. ದೊಡ್ಡ ಬೋಟಿನ ಸಾಲಿನಲ್ಲಿದ್ದವರು ಕೂಡ ಆ ಗೆರೆ ನೋಡಲು ಬಂದು, ಇದು ಎಲ್ಲಿಗೆ ಹೋಗುತ್ತದೆ, ಇದಕ್ಕೆ ಟಿಕೇಟು ಎಲ್ಲಿ ಎಂದು ಮಾಲೀಕರನ್ನೇ ಕೇಳಿದರು. ಮಾಡೆಲ್‌ನಲ್ಲಿ ಕಂಡದ್ದು ಟಿಕೇಟಿನಲ್ಲಿ ಇರುತ್ತದೆ ಎಂದು ಗೋಡೆಯ ಮೇಲೆ ಅವರೇ ಬರೆಸಿದ್ದರು. ಅವರು ನನ್ನ ಪಕ್ಕಕ್ಕೆ ಬಂದು ನಿಂತು, ಕೈಯಲ್ಲಿದ್ದ ಬಂಗಾರದ ಎಲೆಯನ್ನು ತಿರುವಿ ತಿರುವಿ ನೋಡಿದರು.

"ಬಾಯಾರ, ದೀಪಾವಳಿ ಆದ ಮ್ಯಾಲ ಬ್ಯಾರೆ ಮಾಡೂದು ಬ್ಯಾಡ ಬಿಡ್ರಿ" ಎಂದರು. ಆಮೇಲೆ ಸೋಲಲಾರದೆ, "ಆದ್ರೂ ಆ ಗೆರಿ ಸ್ವಲ್ಪ ತಿಕ್ಕಿದ್ರ ಹೋಗೂದಿಲ್ಲೇನು?" ಎಂದರು.

"ಹೋಗೂದಿಲ್ಲ, ಮಾಲಕ್ರ" ಎಂದೆ. ಹೊಳಪು ಬರಲಿಲ್ಲ ಎಂಬ ಸಿಟ್ಟು ನನಗೆ ಆಗಲೂ ಇತ್ತು, ಈಗಲೂ ಇದೆ.

ಹಾಲಿನ ಕಿಟಕಿಯಿಂದ ಕೆರೆ ಕಾಣುತ್ತಿತ್ತು. ಮೂತಿಗೆ ಚೆಂಡುಹೂವಿನ ಮಾಲೆ ಸುತ್ತಿಕೊಂಡ ಆ ಕಿರಿದಾದ ಬೋಟು ಜನರನ್ನು ತುಂಬಿಕೊಂಡು ನಿಧಾನವಾಗಿ ಹೋಗಿ, ನಡುಗಡ್ಡೆಯ ತುದಿಯಲ್ಲಿ ಎಡಕ್ಕೆ ತಿರುಗಿ ಮರೆಯಾಯಿತು. ಬಂಡೆ, ಮರ, ಏನೂ ಕಾಣಲಿಲ್ಲ. ನಾನು ಮಾಡೆಲ್ ಕಡೆ ತಿರುಗಿದೆ. ಅವಳು ಈಗ ಮೋಟಾರು ಎತ್ತಿ ಗಳ ಹಿಡಿದಿರಬೇಕು, ಎಲ್ಲರೂ ತಲೆ ಬಗ್ಗಿಸಿರಬೇಕು. ಎಲ್ಲಿ ಎಂದು ಯಾರಾದರೂ ಕೇಳಿದ್ದರೆ ಆ ಬಿಳಿ ಗೆರೆಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದೆ.